ಇಳಿದು ತಳ್ಳಿದ ಸೈಕಲ್ಲು

ನಮ್ಮನೇಲಿ ಇವತ್ತು ಉಪ್ಪಿಟ್ಟು. ಚಪಾತಿ ಮಾಡೋಣಾಂತಿದ್ದೆ, ಮಣಿಕಟ್ಟು ಒಪ್ಪಲಿಲ್ಲ. ಯಾಕೇಂತ ಹೇಳ್ತೀನಿ ಕೇಳಿ.

ಆಷಾಢದಲ್ಲಿ ನನಗೆ ಚಿಕೂನ್‌ಗುನ್ಯ ಬಂದಿದ್ದು ನಿಮಗೆಲ್ಲ ಗೊತ್ತೇ ಇದೆ. ಜ್ವರ ಐದು ದಿನಕ್ಕೆ ಬಿಡ್ತು, ಕೀಲುನೋವು ಬಿಡಲಿಲ್ಲ. ಬೆಳಿಗ್ಗೆ ಎದ್ರೆ ಬೆರಳು ಮಡಚೋಕಾಗ್ತಿರಲಿಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸೋಕೂ ಸೊಸೆಯನ್ನ ಕರೀಬೇಕು. ಈ ಕಾಯಿಲೆ ಮೊದಲು ಗೊತ್ತಾಗಿದ್ದು 1952ರಲ್ಲಿ, ಈಗಿನ ಟಾಂಜಾನಿಯಾದಲ್ಲಂತೆ. ಅಲ್ಲಿನವರ ಭಾಷೇಲಿ ಆ ಹೆಸರಿಗೆ ‘ಬಗ್ಗಿಸಿಬಿಡೋದು’ ಅಂತ ಅರ್ಥ. ಸರಿಯಾಗೇ ಇಟ್ಟಿದ್ದಾರೆ. ಇದನ್ನ ಹರಡೋ ಸೊಳ್ಳೆ ಹೆಚ್ಚಾಗಿ ಹಗಲು ಹೊತ್ತಲ್ಲಿ ಕಚ್ಚುತ್ತೆ, ತಿಳಿನೀರಲ್ಲೂ ಮೊಟ್ಟೆ ಇಡುತ್ತೆ. ನೋಡಿದ್ರೆ ನನ್ನ ಮನಿಪ್ಲಾಂಟ್ ಬಾಟಲಿಯಲ್ಲೇ ಹುಳ ಆಡ್ತಿತ್ತು!

ಮುಂಚೆ ದಿನಾ ಬೆಳಿಗ್ಗೆ ನಜರ್‌ಬಾದಿಂದ ಕಾರಂಜಿ ಕೆರೆ ಕಡೆಗೆ ಸೈಕಲ್ ತುಳೀತಿದ್ದೋಳು ನಾನು. ನಾಲ್ಕು ತಿಂಗಳು ಆ ಸೈಕಲ್ಲು ಮೆಟ್ಟಿಲ ಕೆಳಗೆ ನಿಂತು, ಒದ್ದೆ ಟವೆಲ್ ಹರವೋ ಕಂಬಿ ಆಗಿಹೋಯ್ತು. ಒಂದಿನ ನಮ್ಮನೆಯವರು, “ಇದನ್ನ ಯಾರಿಗಾದ್ರೂ ಕೊಟ್ಬಿಡೋಣ್ವಾ?” ಅಂದ್ರು. ಅವರು ಜಾಗಕ್ಕೇಂತ ಅಂದಿದ್ದು. ನನಗೆ ಮಾತ್ರ, ನಿನ್ನ ಕಾಲ ಮುಗೀತು ಅಂದಹಾಗೆ ಕೇಳಿಸ್ತು. ಆವತ್ತು ಊಟ ಸೇರಲಿಲ್ಲ.

ಅಷ್ಟರಲ್ಲಿ ರಾಜ್ಯೋತ್ಸವಕ್ಕೆ ನಮ್ಮ ಬೀದಿಯವರು ಬಯಲಲ್ಲಿ ಹೆಂಗಸರ ಸೈಕಲ್ ಓಟ ಇಟ್ರು. ಮೂರು ಸುತ್ತು. ಡಾಕ್ಟರನ್ನ ಕೇಳಿದೆ. “ನಿಧಾನಕ್ಕೆ ತುಳೀರಿ, ನೋವಾದ್ರೆ ಇಳಿದುಬಿಡಿ” ಅಂದ್ರು. ಹೆಸರು ಕೊಟ್ಟೆ.

ಭಾನುವಾರ ನೋಡಿದ್ರೆ ರಾತ್ರಿ ಮಳೆಗೆ ಬಯಲು ಒಂದು ಕಡೆ ಕೆಸರೋ ಕೆಸರು. ಮೊದಲ ಸುತ್ತಲ್ಲೇ ಮುಂದಿನ ಚಕ್ರ ಹೂತುಹೋಯ್ತು, ಬ್ರೇಕ್ ಹಿಡಿಯೋಕೆ ಬೆರಳು ಬರಲಿಲ್ಲ. ಇಳಿದುಬಿಟ್ಟೆ. “ಅಜ್ಜಿ ಇಳಿದ್ಬಿಟ್ರು!” ಅಂತ ಒಂದು ಹುಡುಗ ಕೂಗಿದ. ಕಣ್ಣಲ್ಲಿ ನೀರು ಬಂತು, ಹಾಗೇ ಮನೆಗೆ ಹೋಗಿಬಿಡೋಣಾಂತ ಸೈಕಲ್ ತಿರುಗಿಸಿದೆ. ಅಷ್ಟರಲ್ಲಿ ನಮ್ಮಣ್ಣನ ಮಗ, “ಅತ್ತೇ, ಇಳಿದ್ರೆ ಔಟ್ ಅಲ್ಲ! ತಳ್ಳಿ!” ಅಂದ. ತಳ್ಳಿದೆ. ಕೆಸರು ದಾಟಿ ಹತ್ತಿದೆ. ಎರಡನೇ ಸುತ್ತಲ್ಲೂ ಇಳಿದೆ, ಮೂರನೇದರಲ್ಲೂ ಇಳಿದೆ. ಹನ್ನೊಂದು ಜನದಲ್ಲಿ ಹನ್ನೊಂದನೆಯೋಳು. ಎಲ್ರಿಗೂ ಕೊಟ್ಟಹಾಗೆ ನನಗೂ ಒಂದು ಸ್ಟೀಲ್ ಡಬ್ಬಿ ಸಿಕ್ತು.

ಸಂಜೆ ಅವನು ಮೊಬೈಲಲ್ಲಿ ಸೈಕ್ಲೋಕ್ರಾಸ್ ಅಂತ ತೋರಿಸಿದ. ಬೆಲ್ಜಿಯಂ ಕಡೆ ಚಳಿಗಾಲದಲ್ಲಿ ಕೆಸರಲ್ಲೇ ನಡೆಯೋ ಓಟ. ಅಡ್ಡ ಹಲಗೆ ಬಂದ್ರೆ ಇಳೀತಾರೆ, ಸೈಕಲ್ಲನ್ನ ಹೆಗಲಿಗೆ ಹಾಕ್ಕೊಂಡು ಓಡ್ತಾರೆ, ಮತ್ತೆ ಹತ್ತುತಾರೆ. ಇಳಿಯೋದೂ ಆಟದ ಒಂದು ಭಾಗವೇ! ಇದರ ವಿಶ್ವ ಚಾಂಪಿಯನ್‌ಶಿಪ್ 1950ರಿಂದ ಇದೆ, ಹೆಂಗಸರದ್ದು ಶುರುವಾಗಿದ್ದು 2000ದಲ್ಲಿ. ಐವತ್ತು ವರ್ಷ ಕಾಯಿಸಿದ್ದಾರೆ ನೋಡಿ.

ಎರಡು ದಿನದಿಂದ ಮಣಿಕಟ್ಟು ಊದಿದೆ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಇವತ್ತು ರವೆ ಹುರಿಯೋಕೆ ಸೊಸೆಯನ್ನ ಕರೆದಾಗ ಮುಂಚಿನಹಾಗೆ ನಾಚಿಕೆ ಆಗಲಿಲ್ಲ. ನಮ್ಮನೆಯವರು ಏನೂ ಮಾತಾಡದೆ ಟವೆಲ್ ತೆಗೆದು ಸೈಕಲ್ಲಿಗೆ ಗಾಳಿ ಹೊಡೀತಿದ್ರು.

ಕೀಲುನೋವು ಇರೋರು ಹಠಕ್ಕೆ ಬೀಳಬೇಡಿ, ಡಾಕ್ಟರನ್ನ ಕೇಳಿ. ಹಾಗೇ ಮನಿಪ್ಲಾಂಟ್ ನೀರು ವಾರಕ್ಕೊಂದ್ಸಲ ಬದಲಾಯಿಸಿ, ಬಾಟಲಿ ಉಜ್ಜಿ ತೊಳೀರಿ.