ದೋಣಿ ತಕೊಂಡು ನಾಲ್ಕು ತಿಂಗಳು

(1/6)
ದೋಣಿ ಫೋಟೊ ಹಾಕಿದಾಗಿಂದ ಡಿಎಂನಲ್ಲಿ ಮೂರೇ ಪ್ರಶ್ನೆ. ಎಷ್ಟಾಯ್ತು? ಭಯ ಆಗಲ್ವಾ? ನಮ್ಮನ್ನೂ ಒಂದಿನ ಕರ್ಕೊಂಡು ಹೋಗ್ತೀಯಾ? ಮೂರನೇದಕ್ಕೆ ಅಪ್ಪಯ್ಯ ಒಪ್ಪಲ್ಲ, ಕೇಳ್ಬೇಡಿ. ಉಳಿದ ಎರಡಕ್ಕೆ ಒಂದು ಕ್ಯಾಪ್ಷನ್ ಸಾಕಾಗಲ್ಲ, ಅದಕ್ಕೆ ಈ ಆರು ಪೋಸ್ಟ್.

ಮೊದಲು ದುಡ್ಡು. 24 ಅಡಿಯ ಫೈಬರ್ ದೋಣಿ, ಸೆಕೆಂಡ್ ಹ್ಯಾಂಡ್, 1.6 ಲಕ್ಷ. ಇಂಜಿನ್ ಹೊಸದು, 1.9 ಲಕ್ಷ. ಬಲೆ, ಹಗ್ಗ, ಬೆಂಡು ಎಲ್ಲ ಸೇರಿ 70 ಸಾವಿರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಸೊಸೈಟಿ ಸಾಲ, ಅಮ್ಮನ ಬಳೆ ಮತ್ತು ಸರ ಅಲ್ಲೇ ಕೂತಿವೆ.

ಇಂಜಿನ್ 9.9 ಎಚ್‌ಪಿ ಯಾಕೆ, ದೊಡ್ಡದೇ ತಗೋಬಹುದಿತ್ತಲ್ಲ ಅಂತ ಒಬ್ರು ಕೇಳಿದ್ರು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ಯಾಂತ್ರಿಕ ಮೀನುಗಾರಿಕೆ ಬಂದ್. 10 ಎಚ್‌ಪಿ ಒಳಗಿನ ಇಂಜಿನ್ ಇರೋ ನಾಡದೋಣಿಗೆ ಆಗಲೂ ಅವಕಾಶ ಇದೆ. ಹಾಗಾಗಿ 9.9. ಆದ್ರೆ ಕಾನೂನು ಬಿಟ್ಟ ಮಾತ್ರಕ್ಕೆ ಮಳೆಗಾಲದ ಸಮುದ್ರ ಬಿಡುತ್ತೆ ಅಂತೇನಿಲ್ಲ. ಅದು ಮುಂದಿನ ಜೂನ್ ಕಥೆ.

(2/6)
ಫೋಟೊದಲ್ಲಿ ಇಂಜಿನ್ ಹಿಡ್ಕೊಂಡು ಕೂತಿರೋದು ಅಪ್ಪಯ್ಯ. ನೋಡಿದ್ರೆ ಹುಟ್ಟಿದಾಗಿಂದ ದೋಣಿ ಬಿಟ್ಟವರ ಹಾಗೆ ಕಾಣ್ತಾರೆ. ನಿಜ ಏನಂದ್ರೆ ಅವ್ರೂ ನನ್ನ ಹಾಗೇ ಹೊಸಬ್ರು.

22 ವರ್ಷ ಅವ್ರು ಪರ್ಸೀನ್ ಬೋಟಲ್ಲಿ ಕಲಾಸಿ. ಒಂದು ಬೋಟಿಗೆ ಹೆಚ್ಚುಕಮ್ಮಿ ಮೂವತ್ತು ಜನ. ಬಲೆ ಎಳಿ ಅಂದ್ರೆ ಎಳಿಯೋದು, ಮೀನು ತುಂಬು ಅಂದ್ರೆ ತುಂಬೋದು. ಯಾವಾಗ ಹೊರಡ್ಬೇಕು, ಎಲ್ಲಿ ಬಲೆ ಬಿಡ್ಬೇಕು, ಯಾವಾಗ ವಾಪಸ್, ಎಲ್ಲಾ ತಾಂಡೇಲರ ತಲೆನೋವು. ದೋಣಿ ಬಂದ ಮೊದಲ ವಾರ ಅಪ್ಪಯ್ಯ ಒಂದು ರಾತ್ರಿ ನಿದ್ದೆ ಮಾಡ್ಲಿಲ್ಲ. ಕೇಳಿದ್ದಕ್ಕೆ, "ಇಪ್ಪತ್ತೆರ್ಡ್ ವರ್ಷ ಸಮುದ್ರದಂಗೇ ಇದ್ದೆ ಮಗಾ. ಆರೆ ಅಳಿವೆ ಕಂಡದ್ ತಾಂಡೇಲ್ರ್, ನಾನಲ್ಲ" ಅಂದ್ರು.

ನೂಲ ಹುಣ್ಣಿಮೆ ದಿನ ಸಮುದ್ರಕ್ಕೆ ಹಾಲು, ಹೂ, ತೆಂಗಿನಕಾಯಿ ಬಿಟ್ಟು ಕೈ ಮುಗಿದ್ವಿ. ಅದರ ಮರುದಿನವೇ ಹೋಗ್ತೀವಿ ಅಂದ್ಕೊಂಡಿದ್ದೆ. ಹನ್ನೆರಡು ದಿನ ಹೋಗ್ಲಿಲ್ಲ. ದಿನಾ ಬೆಳಗ್ಗೆ ಐದಕ್ಕೆ ಅಳಿವೆ ಹತ್ರ ಕಲ್ಲಿನ ಮೇಲೆ ಕೂತು ಬೇರೆ ದೋಣಿಯವ್ರು ಹ್ಯಾಗೆ ದಾಟ್ತಾರೆ ಅಂತ ನೋಡೋದು, ಮನೆಗೆ ಬಂದು ಚಾ ಕುಡಿಯೋದು.

(3/6)
ಘಟ್ಟದ ಮೇಲಿನವರಿಗೆ ಅಳಿವೆ ಅಂದ್ರೇನು ಅಂತ ಹೇಳ್ಬಿಡ್ತೀನಿ. ನದಿ ಸಮುದ್ರಕ್ಕೆ ಸೇರೋ ಬಾಯಿ. ನಮ್ಮ ಕೋಡಿ ಮತ್ತು ಗಂಗೊಳ್ಳಿ ನಡುವೆ ಪಂಚಗಂಗಾವಳಿ ಸಮುದ್ರಕ್ಕೆ ಬೀಳುತ್ತೆ. ನದಿ ತಂದ ಮರಳು ಬಾಯಲ್ಲೇ ಕೂರೋದ್ರಿಂದ ಅಲ್ಲಿ ಆಳ ಕಡಿಮೆ. ದೂರದಿಂದ ಮೆತ್ತಗೆ ಬರೋ ಅಲೆ ಅಲ್ಲಿಗೆ ಬಂದಾಗ ಎದ್ದು ನಿಂತು ಒಡೆಯುತ್ತೆ. ನೀರು ಇಳಿಯೋ ಹೊತ್ತಲ್ಲಿ ಇನ್ನೂ ಕಷ್ಟ, ಯಾಕಂದ್ರೆ ನದಿ ಹೊರಗೆ ನೂಕುತ್ತೆ, ಅಲೆ ಒಳಗೆ ನೂಕುತ್ತೆ, ಎರಡೂ ಗುದ್ದಾಡೋದು ನಮ್ಮ ದೋಣಿ ಕೆಳಗೆ. ಸಣ್ಣ ದೋಣಿಯವರಿಗೆ ನಡುಸಮುದ್ರಕ್ಕಿಂತ ಈ ಇನ್ನೂರು ಮೀಟರೇ ದೊಡ್ಡ ಭಯ. ಎರಡನೇ ಪ್ರಶ್ನೆಗೆ ಉತ್ತರ ಇದೇ.

ದಾಟೋ ರೀತಿ ಹೀಗೆ. ಅಳಿವೆ ಒಳಗೆ ಇಂಜಿನ್ ನಿಧಾನ ಇಟ್ಟು ಕಾಯ್ಬೇಕು. ಅಲೆಗಳು ಒಂದೇ ಸಮ ಬರಲ್ಲ. ದೊಡ್ಡವು ಕೆಲವು ಒಟ್ಟಿಗೆ ಬರ್ತವೆ, ಆಮೇಲೆ ಸ್ವಲ್ಪ ಹೊತ್ತು ತಣ್ಣಗಿರುತ್ತೆ. ಆ ಸಂದಿಯಲ್ಲಿ ಮೂತಿ ನೇರ ಅಲೆಗೆ ಕೊಟ್ಟು ಹೋಗ್ಬೇಕು. ಅರ್ಧಕ್ಕೆ ಮನಸ್ಸು ಬದಲಾಯಿಸಿ ಅಡ್ಡ ತಿರುಗಿಸಿದ್ರೆ ಮುಗೀತು. ಬರುವಾಗ ಇನ್ನೊಂದು ಲೆಕ್ಕ: ಒಂದು ಅಲೆಯ ಬೆನ್ನ ಮೇಲೆ ಕೂತು ಅದರ ಜೊತೆಗೇ ಬರ್ಬೇಕು. ಅದನ್ನ ದಾಟಿ ಮುಂದೆ ಹೋದ್ರೆ ಮೂತಿ ನೀರಿಗೆ ಚುಚ್ಚುತ್ತೆ. ತೀರಾ ನಿಧಾನ ಆದ್ರೆ ಹಿಂದಿನ ಅಲೆ ಇಂಜಿನ್ ಮೇಲೆ ಹತ್ತುತ್ತೆ.

ಮೊದಲ ಸಲ ದಾಟುವಾಗ ನಾನು ಮುಂದೆ ಕೂತು ಹಿಂದೆ ತಿರುಗಿ ತಿರುಗಿ ಅಪ್ಪಯ್ಯನ್ನೇ ನೋಡ್ತಿದ್ದೆ. "ನೀರ್ ಕಾಣ್. ನನ್ ಮುಖ ಎಂತಕ್ ಕಾಣ್ತೆ?" ಅಂತ ಬೈದ್ರು.

ಇಂಜಿನ್ನಿನ ಕೆಂಪು ದಾರ ಅಪ್ಪಯ್ಯನ ಕೈಗೆ ಕಟ್ಟಿರೋದು ಎರಡನೇ ಫೋಟೊದಲ್ಲಿ ಕಾಣುತ್ತೆ. ಅವ್ರು ನೀರಿಗೆ ಬಿದ್ರೆ ದಾರ ಕಳಚಿ ಇಂಜಿನ್ ನಿಲ್ಲುತ್ತೆ. ಲೈಫ್ ಜಾಕೆಟನ್ನ ಮೊದಮೊದಲು ಅಪ್ಪಯ್ಯ ದಿಂಬಿನ ಹಾಗೆ ಕೆಳಗೆ ಹಾಕ್ಕೊಂಡು ಕೂರ್ತಿದ್ರು. ಅಮ್ಮ ಒಂದಿನ ದಡದಲ್ಲಿ ಎಲ್ಲರೆದುರು ಹೇಳಿದ ಮೇಲೆ ಮೈಗೆ ಬಂತು. ಮೊಬೈಲಲ್ಲಿ 1093 ಮತ್ತು 1554 ಸೇವ್ ಇದೆ. ಮೊದಲನೆಯದು ಕರಾವಳಿ ಕಾವಲು ಪೊಲೀಸ್, ಎರಡನೆಯದು ಕೋಸ್ಟ್ ಗಾರ್ಡ್.

(4/6)
ಅಕ್ಟೋಬರಿನ ಒಂದು ಬೆಳಗ್ಗೆ. ಕಂತು ಕಟ್ಟೋಕೆ ನಾಲ್ಕು ದಿನ ಬಾಕಿ, ಕೈಯಲ್ಲಿ ಅರ್ಧ ದುಡ್ಡೂ ಇಲ್ಲ. ಹೈದರಾಬಾದಿನ ಇನ್‌ಕಾಯ್ಸ್‌ನವರು ಎತ್ತರದ ಅಲೆ ಬರೋದಿದ್ರೆ ಮೊದಲೇ ಎಚ್ಚರಿಕೆ ಕೊಡ್ತಾರೆ. ಅವತ್ತು ನೋಡಿದ್ದೆ, ಏನೂ ಇರ್ಲಿಲ್ಲ. ಗಾಳಿಯೂ ಇರ್ಲಿಲ್ಲ. ಅಳಿವೆ ಒಳಗೆ ಹತ್ತು ನಿಮಿಷ ಕಾದ್ವಿ. ಇಪ್ಪತ್ತು ನಿಮಿಷ ಆಯ್ತು. ಸಂದಿ ಸಿಗ್ತಿತ್ತು, ಆದ್ರೆ ಸಣ್ಣದು. ಹಿಂದಿನಿಂದ ಎರಡು ದೋಣಿ ಬಂದ್ವು, ನಮ್ಮನ್ನ ಒಮ್ಮೆ ನೋಡಿ ದಾಟಿ ಹೋದ್ವು.

"ಇವತ್ ಬ್ಯಾಡ. ತಿರ್ಗ್ಸುವ" ಅಂದ್ರು ಅಪ್ಪಯ್ಯ.

ಇದನ್ನ ಸಿನಿಮಾ ಥರ ಓದ್ಬೇಡಿ. ಆ ಎರಡು ದೋಣಿಗೂ ಏನೂ ಆಗ್ಲಿಲ್ಲ. ಒಂಬತ್ತು ಗಂಟೆಗೆ ಆರಾಮಾಗಿ ಬಂದ್ರು, ಬುಟ್ಟಿ ತುಂಬ ಬಂಗುಡೆ. ಅಮ್ಮ ದಡದಲ್ಲೇ ಅವ್ರ ಹತ್ರ ಒಂದು ಬುಟ್ಟಿ ಕೊಂಡು ಕುಂದಾಪುರ ಮಾರ್ಕೆಟಿಗೆ ತಗೊಂಡು ಹೋಗಿ ಮಾರಿ ಬಂದ್ರು. ಅವತ್ತು ನಮ್ಮನೇಲಿ ದುಡಿದಿದ್ದು ಅವ್ರೊಬ್ರೇ. ಅಪ್ಪಯ್ಯ ಮಧ್ಯಾಹ್ನ ಊಟಕ್ಕೆ ಮಾತಾಡ್ಲಿಲ್ಲ. ನಾನು ಅವ್ರ ಪರವಾಗಿ ಏನೋ ಹೇಳೋಕೆ ಹೋದೆ, ಅಮ್ಮ ಕಣ್ಣಲ್ಲೇ ಸುಮ್ಮನಿರಿಸಿದ್ರು.

ಬೇರೆಯವ್ರ ಬೋಟಲ್ಲಿ ಇದ್ದಾಗ ತಾಂಡೇಲರು ಬೇಡ ಅಂದ ದಿನ ಅಪ್ಪಯ್ಯ ಮನೇಲಿ ಖುಷಿಯಾಗಿ ಇರ್ತಿದ್ರು. ಈಗ ಬೇಡ ಅನ್ನೋ ಮಾತು ಅವ್ರ ಬಾಯಿಂದಲೇ ಬರ್ಬೇಕು, ಎದುರಿಗೆ ಕೂತಿರೋನು ಮಗ. ನಾನಿಲ್ಲದಿದ್ರೆ ಅವತ್ತು ದಾಟ್ತಿದ್ರಾ ಅಂತ ಕೇಳಿಲ್ಲ, ಕೇಳೋದೂ ಇಲ್ಲ.

(5/6)
ಇದು ಬರೀ ಮೀನಿನ ಪೋಸ್ಟ್. ನಮ್ಮದು ಕಂತಬಲೆ. ಮೇಲೆ ಬೆಂಡು, ಕೆಳಗೆ ಸೀಸ, ನೀರೊಳಗೆ ಗೋಡೆ ನಿಂತ ಹಾಗೆ ನಿಲ್ಲುತ್ತೆ. ಮೀನು ತಲೆ ತೂರಿಸುತ್ತೆ, ಮೈ ಹೋಗಲ್ಲ, ಹಿಂದೆ ಎಳೆದ್ರೆ ಕಿವಿರು ಸಿಕ್ಕಿಕೊಳ್ಳುತ್ತೆ. ಬಲೆಯ ಕಣ್ಣು ಎಷ್ಟು ದೊಡ್ಡದೋ ಅಷ್ಟು ಗಾತ್ರದ ಮೀನು ಮಾತ್ರ. ಮರಿ ದಾಟಿ ಹೋಗುತ್ತೆ, ಅದಕ್ಕೇ ನನಗೆ ಈ ಬಲೆ ಇಷ್ಟ.

ಜಾಗ ಗುರುತಿಗೆ ನಾನು ಮೊಬೈಲಲ್ಲಿ ಪಿನ್ ಹಾಕ್ತೀನಿ. ಅಪ್ಪಯ್ಯ ಪೂರ್ವಕ್ಕೆ ನೋಡ್ತಾರೆ. ಆಕಾಶ ಶುಭ್ರ ಇದ್ರೆ ಕೊಡಚಾದ್ರಿ ಕಾಣುತ್ತೆ. ಕೋಡಿ ದೀಪಸ್ತಂಭದ ನೆತ್ತಿ ಮೇಲೆ ಕೊಡಚಾದ್ರಿ ಬಂದು ಕೂತ್ರೆ ನಾವು ಒಂದು ಗೆರೆ ಮೇಲೆ ಇದ್ದೀವಿ ಅಂತ. ಅಂಥದ್ದೇ ಇನ್ನೊಂದು ಜೋಡಿ ಗುರುತು ದಡದಲ್ಲಿದೆ, ಎರಡು ಗೆರೆ ಕೂಡಿದಲ್ಲಿ ಬಲೆ. ಎರಡನೇ ಜೋಡಿ ಯಾವುದು ಅಂತ ಇಲ್ಲಿ ಬರೆಯಲ್ಲ, ಈ ಪೇಜನ್ನ ಬೇರೆ ದೋಣಿಯವ್ರೂ ನೋಡ್ತಾರೆ. ಮಂಜು ಬಿದ್ದ ದಿನ ನನ್ನ ಪಿನ್ನಿಗೆ ಬೆಲೆ ಬರುತ್ತೆ.

(6/6)
ಬಿಕಾಂನವರಿಗಾಗಿ ಲೆಕ್ಕ. ನವೆಂಬರಿನಲ್ಲಿ ಸಮುದ್ರಕ್ಕೆ ಹೋಗಿದ್ದು 17 ದಿನ. ಮಾರಿದ್ದು 61,400. ಪೆಟ್ರೋಲ್ ಮತ್ತು ಆಯಿಲ್ 15,300. ಐಸ್, ಆಟೊ 4,250. ಬಲೆ ರಿಪೇರಿ 3,100. ಸಾಲದ ಕಂತು 7,800. ಉಳಿದಿದ್ದು 30,950. ಅಪ್ಪಯ್ಯನಿಗೆ ಮೊದಲು ಒಳ್ಳೆ ತಿಂಗಳಲ್ಲಿ ಪಾಲು 25,000 ಬರ್ತಿತ್ತು. ಅಂದ್ರೆ 5,950 ಲಾಭ. ಅಮ್ಮನಿಗೆ ತೋರಿಸಿದ್ದು ಇಷ್ಟೇ ಪುಟ.

ಮುಂದಿನ ಪುಟದಲ್ಲಿ ಇನ್ನೊಂದು ಸಾಲು ಇದೆ. ಒಬ್ಬರೇ ದೋಣಿ ಬಿಟ್ಟು ಬಲೆಯನ್ನೂ ಎಳಿಯೋಕೆ ಆಗಲ್ಲ, ಎರಡನೇ ಆಳು ಬೇಕು. ಈಗ ಅದು ನಾನು, ಸಂಬಳ ಇಲ್ಲ. ನನ್ನ ಬದಲು ಬೇರೆಯವ್ರು ಬಂದ್ರೆ ದಿನಕ್ಕೆ 600, 17 ದಿನಕ್ಕೆ 10,200. ಆಗ 4,250 ನಷ್ಟ. ಕಾಸ್ಟ್ ಅಕೌಂಟಿಂಗಲ್ಲಿ ಕೊಡದೇ ಇರೋ ಕೂಲಿಯನ್ನೂ ವೆಚ್ಚ ಅಂತ ಹಿಡಿಯೋದನ್ನ ಕಲಿಸಿದ ದಿನ ನಾನು ಕ್ಲಾಸಲ್ಲಿ ತೂಕಡಿಸ್ಲಿಲ್ಲ. (ಡಿಪ್ರಿಸಿಯೇಶನ್ ಹಾಕಿಲ್ಲ. ಹಾಕಿದ್ರೆ ಅಪ್ಪಯ್ಯ ಪುಸ್ತಕವನ್ನೇ ಅಳಿವೆಗೆ ಬಿಡ್ತಾರೆ.)

ಡಿಗ್ರಿ ಮುಗಿದ್ಮೇಲೆ ಏನು ಅಂತ ಮನೇಲಿ ಯಾರೂ ಕೇಳಿಲ್ಲ. ಬ್ಯಾಂಕ್ ಪರೀಕ್ಷೆಯ ಪುಸ್ತಕ ತಂದಿಟ್ಟಿದ್ದೀನಿ, ಅಪ್ಪಯ್ಯನೇ ಅದಕ್ಕೆ ಬೈಂಡ್ ಹಾಕಿ ಕೊಟ್ರು. ಆ ಎರಡನೇ ಪುಟ ಅವ್ರಿಗೆ ಇನ್ನೂ ತೋರಿಸಿಲ್ಲ. ಸಾಲ ಅರ್ಧ ಇಳಿದ್ರೆ ಆಳಿನ ಸಂಬಳ ದೋಣಿಯಿಂದಲೇ ಹುಟ್ಟುತ್ತೆ ಅನ್ನೋದು ನನ್ನ ಅಂದಾಜು. ಅಲ್ಲಿವರೆಗೆ 75 ಪರ್ಸೆಂಟ್ ಅಟೆಂಡೆನ್ಸ್ ಹ್ಯಾಗಾದ್ರೂ ಉಳಿಸ್ಕೋಬೇಕು. ಉಬ್ಬರ ದಿನಕ್ಕೆ ಹೆಚ್ಚುಕಮ್ಮಿ 50 ನಿಮಿಷ ತಡ ಆಗ್ತಾ ಹೋಗುತ್ತೆ, ಕಾಲೇಜಿನ ಟೈಮ್ ಟೇಬಲ್ ಹಾಗೆ ಸರಿಯಲ್ಲ.

ನಾಳೆ ನೀರು ತುಂಬೋದು 8:40ಕ್ಕೆ, ಅದರೊಳಗೆ ಅಳಿವೆ ಒಳಗೆ ಬರ್ತೀವಿ. ಕಾಸ್ಟ್ ಅಕೌಂಟಿಂಗ್ ಇಂಟರ್ನಲ್ಸ್ 10ಕ್ಕೆ. ಮೂರನೇ ಯೂನಿಟ್ ನೋಟ್ಸ್ ಇರೋರು ಇವತ್ತು ರಾತ್ರಿಯೊಳಗೆ ಕಳಿಸಿ, ಬಂಗುಡೆ ಕೊಡ್ತೀನಿ.

#ನಾಡದೋಣಿ #ಕೋಡಿ #ಕುಂದಾಪ್ರ