ಕೂತು ನೋಡಿದ ಯುರೋಪು

ಪ್ರವಾಸದ ಕರಪತ್ರಗಳಲ್ಲಿ ನೋಡಬೇಕಾದ ಜಾಗಗಳ ಪಟ್ಟಿ ಇರುತ್ತದೆ, ತಿನ್ನಬೇಕಾದ ತಿನಿಸುಗಳ ಪಟ್ಟಿ ಇರುತ್ತದೆ, ಕೊಳ್ಳಬೇಕಾದ ಸಾಮಾನಿನ ಪಟ್ಟಿಯೂ ಇರುತ್ತದೆ. ಕೂರಬಹುದಾದ ಜಾಗಗಳ ಪಟ್ಟಿ ಮಾತ್ರ ಎಲ್ಲೂ ಸಿಗುವುದಿಲ್ಲ. ಬೆನ್ನಿಗೊಂದು ಚೀಲ ಏರಿಸಿಕೊಂಡು ಒಬ್ಬನೇ ಅಲೆಯುವ ಹುಡುಗನಿಗೆ ಅದು ಬೇಕಾಗಿಯೂ ಇಲ್ಲ. ಆದರೆ ಮಂಡಿನೋವಿನ ಅಜ್ಜಿ, ಫೋನಿನ ನಕ್ಷೆಯಿಂದ ತಲೆಯೆತ್ತದ ಅಪ್ಪ, ಎಲ್ಲರ ನೀರಿನ ಬಾಟಲಿಯನ್ನೂ ತಾನೇ ಹೊತ್ತ ಅಮ್ಮ, ‘ಇನ್ನೂ ಎಷ್ಟು ದೂರ?’ ಎಂದು ಹತ್ತು ಹೆಜ್ಜೆಗೊಮ್ಮೆ ಕೇಳುವ ಮಗು, ಇಷ್ಟು ಜನ ಒಟ್ಟಾಗಿ ಗ್ರೀಸಿನ ದ್ವೀಪಗಳಿಗೂ ಅಲ್ಲಿಂದ ಮುಂದೆ ರೋಮ್, ವೆನಿಸ್, ವಿಯೆನ್ನಾ, ಪ್ಯಾರಿಸ್‌ಗೂ ಹೊರಟರೆ, ಯುರೋಪಿನ ಇತಿಹಾಸಕ್ಕಿಂತ ಮೊದಲು ಎದುರಾಗುವುದು ಕೂರುವ ಪ್ರಶ್ನೆ. ಎಲ್ಲಿ ಕೂರಬಹುದು, ಎಷ್ಟು ಹೊತ್ತು, ಅದಕ್ಕೆ ದುಡ್ಡೆಷ್ಟು?

ಪ್ರಶ್ನೆ ಬಹಳ ಹಳೆಯದು. ಅಥೆನ್ಸಿನ ಆಕ್ರೊಪೊಲಿಸ್ ಗುಡ್ಡದ ದಕ್ಷಿಣದ ಇಳಿಜಾರಿನಲ್ಲಿ ಡಯೊನೈಸಸ್ ರಂಗಮಂದಿರವಿದೆ. ಬಿ.ಎಂ.ಶ್ರೀಯವರು ‘ಪಾರಸಿಕರು’ ಎಂದು ಕನ್ನಡಕ್ಕೆ ತಂದ ಈಸ್ಕಿಲಸನ ನಾಟಕ ಕ್ರಿ.ಪೂ. 472ರಲ್ಲಿ ಮೊದಲ ಸಲ ಪ್ರದರ್ಶನಗೊಂಡದ್ದು ಇಲ್ಲಿಯೇ. ಆಗ ಪ್ರೇಕ್ಷಕರಿಗೆ ಮರದ ಹಲಗೆ. ಕಲ್ಲಿನ ಮೆಟ್ಟಿಲಾಸನಗಳು ಬಂದದ್ದು ಮುಂದಿನ ಶತಮಾನದಲ್ಲಿ. ಮುಂದಿನ ಸಾಲಿನಲ್ಲಿ ಒರಗುಬೆನ್ನಿನ ಅಮೃತಶಿಲೆಯ ಆಸನಗಳಿವೆ. ಯಾವ ಪದವಿಯವರು ಎಲ್ಲಿ ಕೂರಬೇಕೆಂಬುದನ್ನು ಕಲ್ಲಿನಲ್ಲೇ ಕೊರೆದು ಇಟ್ಟಿದ್ದಾರೆ. ನಡುವಿನ, ಎಲ್ಲಕ್ಕಿಂತ ಹೆಚ್ಚು ಕೆತ್ತನೆಯ ಆಸನ ಡಯೊನೈಸಸ್ ದೇವರ ಅರ್ಚಕನದು. ಮುಂದಿನ ಸಾಲು ಗಣ್ಯರಿಗೆ ಮೀಸಲು ಎಂಬ ಪದ್ಧತಿಗೆ ಇಷ್ಟು ಗಟ್ಟಿಯಾದ ಸಾಕ್ಷಿ ಬೇರೆ ಕಡೆ ಸಿಗುವುದು ಕಷ್ಟ.

ಅಲ್ಲಿಂದ ಮೇಲಕ್ಕೆ, ಪಾರ್ಥೆನಾನ್ ದೇಗುಲದತ್ತ ಹತ್ತುವಾಗ ಕಾಲಡಿಯ ಕಲ್ಲು ಸವೆದು ನುಣುಪಾಗಿರುತ್ತದೆ. ನಡೆಯಲು ತೊಂದರೆ ಇರುವವರಿಗಾಗಿ 2020ರಲ್ಲಿ ಹೊಸ ಲಿಫ್ಟ್ ಹಾಕಿದ್ದಾರೆ. ಬಿಸಿಲಿಗೆ ಮಾತ್ರ ಲಿಫ್ಟಿನಂಥ ಉಪಾಯವಿಲ್ಲ. 2023ರ ಜುಲೈನ ಬಿಸಿಗಾಳಿಯಲ್ಲಿ ಆಕ್ರೊಪೊಲಿಸ್ಸನ್ನೇ ನಡುಹಗಲು ಮುಚ್ಚಬೇಕಾಯಿತು. ಮುಂದಿನ ಬೇಸಿಗೆಗಳಲ್ಲೂ ಅದು ಮರುಕಳಿಸಿತು. ಕುಟುಂಬದವರು ಬೆಳಗ್ಗೆ ಎಂಟಕ್ಕೆ ಬಾಗಿಲಲ್ಲಿದ್ದು, ಹತ್ತರ ಹೊತ್ತಿಗೆ ಇಳಿದುಬಿಡುವುದು ಜಾಣತನ. ಮಗುವಿಗೆ ಅಷ್ಟಕ್ಕೇ ಸುಸ್ತಾಗಿರುವುದಿಲ್ಲ ಎಂದಾದರೆ ಪನಥೆನೈಕ್ ಕ್ರೀಡಾಂಗಣವಿದೆ. 1896ರಲ್ಲಿ ಮೊದಲ ಆಧುನಿಕ ಒಲಿಂಪಿಕ್ಸ್ ನಡೆದ, ಪೂರ್ತಿ ಅಮೃತಶಿಲೆಯ ಅಂಗಳ ಅದು. ಟಿಕೆಟ್ ಕೊಂಡರೆ ಮಕ್ಕಳು ಓಟದ ಹಾದಿಯಲ್ಲೇ ಓಡಬಹುದು. ಹಿರಿಯರು ಸಾವಿರಾರು ಖಾಲಿ ಆಸನಗಳಲ್ಲಿ ತಮಗೆ ಬೇಕಾದ್ದನ್ನು ಆರಿಸಿಕೊಂಡು ಕೂರಬಹುದು.

ದ್ವೀಪಯಾನ ಶುರುವಾಗುವುದು ಪಿರೇಯಸ್ ಬಂದರಿನಿಂದ. ಇಲ್ಲಿಯೂ ಮೊದಲ ತೀರ್ಮಾನ ಕೂರುವುದರದೇ. ವೇಗದ ಹಡಗಿನಲ್ಲಿ ವಿಮಾನದ ಹಾಗೆ ನಂಬರಿನ ಸೀಟು. ಕಿಟಕಿಯಾಚೆಯ ಸಮುದ್ರ ಹಾರಿಹೋಗುತ್ತದೆ, ಅಲೆ ಎದ್ದ ದಿನ ಹೊಟ್ಟೆಯೊಳಗಿನದೂ ಮೇಲೇಳುತ್ತದೆ. ದೊಡ್ಡ ಹಡಗು ನಿಧಾನ: ನಾಕ್ಸೊಸ್‌ಗೆ ಐದು ಗಂಟೆಗೂ ಹೆಚ್ಚು, ಸಾಂಟೊರಿನಿಗೆ ಎಂಟರ ಸುಮಾರು. ಅಗ್ಗದ ಟಿಕೆಟಿಗೆ ನಂಬರಿರುವುದಿಲ್ಲ, ಆದರೆ ಇಡೀ ಡೆಕ್ ನಿಮ್ಮದು. ಗೋಪುರದೆತ್ತರದ ಹಿಂಬಾಗಿಲು ತೆರೆದು ಲಾರಿ, ಕಾರು, ಬೈಕು, ತರಕಾರಿ ಬುಟ್ಟಿ, ಬ್ಯಾಂಡೇಜು ಸುತ್ತಿದ ಕಾಲಿನ ತಾತ, ಎಲ್ಲರೂ ಒಳಗೆ ನುಗ್ಗುವುದನ್ನು ಮೇಲಿನಿಂದ ನೋಡುವುದೇ ಮಗುವಿಗೆ ಒಂದು ಮ್ಯೂಸಿಯಮ್ಮಿನಷ್ಟು. ಕುಟುಂಬಕ್ಕೆ ನಿಧಾನದ ಹಡಗೇ ವಾಸಿ.

ಒಂದು ಎಚ್ಚರಿಕೆ ಇದೆ. ಜುಲೈ, ಆಗಸ್ಟಿನಲ್ಲಿ ಏಜಿಯನ್ ಸಮುದ್ರದ ಮೇಲೆ ಉತ್ತರದಿಂದ ಮೆಲ್ಟೆಮಿ ಎಂಬ ಗಾಳಿ ಬೀಸುತ್ತದೆ. ಆಕಾಶ ನಿರ್ಮಲವಾಗಿರುತ್ತದೆ, ಒಂದು ಮೋಡವೂ ಇರುವುದಿಲ್ಲ, ಆದರೂ ಹಡಗು ಹೊರಡುವುದಿಲ್ಲ. ಗಾಳಿಯ ಜೋರು ಮಿತಿ ಮೀರಿದರೆ ಬಂದರಿನ ಅಧಿಕಾರಿಗಳು ಸಂಚಾರವನ್ನೇ ನಿಲ್ಲಿಸುತ್ತಾರೆ. ಆಗ ಕೂರಲು ಸಿಗುವುದು ಬಂದರಿನ ಕಟ್ಟೆ ಮಾತ್ರ.

ನಾಕ್ಸೊಸ್ ದ್ವೀಪಕ್ಕೆ ಕಾಲಿಡುತ್ತಿದ್ದಂತೆ ಕಾಣುವುದು ಕಟ್ಟಿ ಮುಗಿಸದ ಅಪೊಲೊ ದೇಗುಲದ ಬಾಗಿಲುವಾಡ, ಪೋರ್ತಾರಾ. ಕ್ರಿ.ಪೂ. ಆರನೆಯ ಶತಮಾನದ ಆ ಬಾಗಿಲೊಂದೇ ಈಗ ಹಿಂದೆ ಗುಡಿಯಿಲ್ಲದೆ ನಿಂತಿದೆ. ದ್ವೀಪದ ಉತ್ತರ ತುದಿಯ ಅಪೊಲೊನಾಸ್ ಹಳ್ಳಿಯಲ್ಲಿ ಇದಕ್ಕೆ ಜೊತೆಗಾರನೊಬ್ಬನಿದ್ದಾನೆ: ಹತ್ತು ಮೀಟರಿಗೂ ಉದ್ದದ ಅಪೂರ್ಣ ಶಿಲ್ಪ, ಕಲ್ಲುಗಣಿಯಲ್ಲೇ ಬೆನ್ನು ಚಾಚಿ ಮಲಗಿರುವ ಗಡ್ಡದ ಆಕೃತಿ. ಅದನ್ನು ಗಣಿಯಿಂದ ಹೊರಗೆ ಸಾಗಿಸಲೇ ಇಲ್ಲ. ದಿನವಿಡೀ ನಡೆದು ಬಂದ ಮಗುವಿಗೆ ಇಡೀ ಗ್ರೀಸಿನಲ್ಲಿ ತನ್ನ ಮನಸ್ಸು ಅರಿತವನು ಇವನೊಬ್ಬನೇ ಅನ್ನಿಸಿದರೆ ಆಶ್ಚರ್ಯವಿಲ್ಲ.

ಮಲಗುವುದಕ್ಕೆ ಇಲ್ಲಿ ಕಾನೂನಿನ ಬೆಂಬಲವೂ ಉಂಟು. ಬೇಸಿಗೆಯಲ್ಲಿ ಮಧ್ಯಾಹ್ನ ಮೂರರಿಂದ ಐದೂವರೆಯವರೆಗೆ ಗ್ರೀಸಿನಲ್ಲಿ ಸದ್ದು ಮಾಡಬಾರದ ಹೊತ್ತು. ಊರು ಬಾಗಿಲು ಮುಚ್ಚಿ ಮಲಗಿ, ಸಂಜೆ ಎದ್ದು, ರಾತ್ರಿ ಒಂಬತ್ತರ ಮೇಲೆ ಊಟಕ್ಕೆ ಕೂರುತ್ತದೆ. ಹಳ್ಳಿಯ ಚೌಕದಲ್ಲಿ ಮರದ ಕೆಳಗೆ ಕುರ್ಚಿಗಳು, ಒಂದು ಪುಟ್ಟ ಬಟ್ಟಲು ಕಾಫಿ, ಪಗಡೆಯ ಬಂಧುವಾದ ತಾವ್ಲಿ ಆಟ. ಒಂದು ಕಾಫಿ ತರಿಸಿ ಎರಡು ಗಂಟೆ ಕೂತರೂ ಯಾರೂ ಎಬ್ಬಿಸುವುದಿಲ್ಲ. ಸಸ್ಯಾಹಾರಿಗಳೂ ಇಲ್ಲಿ ನಿಶ್ಚಿಂತೆಯಿಂದ ಕೂರಬಹುದು. ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸದ ದಿನಗಳು ವರ್ಷದಲ್ಲಿ ಬಹಳ, ಹಾಗಾಗಿ ಮಾಂಸವಿಲ್ಲದ ಅಡುಗೆಯೂ ಬಹಳ: ಅನ್ನ ತುಂಬಿ ಬೇಯಿಸಿದ ಟೊಮೆಟೊ, ದಪ್ಪ ಬಿಳಿ ಬೀನ್ಸ್ ಕಾಳಿನ ಗಿಗಾಂತೆಸ್, ಬೆಂದ ಸೊಪ್ಪಿಗೆ ನಿಂಬೆ ಹಿಂಡಿದ ಹೋರ್ತಾ, ಹಳದಿ ಬೇಳೆಯನ್ನು ಬೇಯಿಸಿ ನುಣ್ಣಗೆ ಮಾಡಿ ಆಲಿವ್ ಎಣ್ಣೆ, ಈರುಳ್ಳಿ ಹಾಕಿದ ಸಾಂಟೊರಿನಿಯ ಫಾವಾ.

ಸಮುದ್ರದ ದಂಡೆಗೆ ಬಂದರೆ ಕೂರುವ ಜಾಗದ ಜಗಳ ರಾಜಕೀಯಕ್ಕೆ ತಿರುಗುತ್ತದೆ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಿಲ್ಲ. 2023ರ ಬೇಸಿಗೆಯಲ್ಲಿ ಪಾರೊಸ್ ದ್ವೀಪದವರು ಅದೇ ಟವೆಲ್ಲನ್ನು ಚಳವಳಿಯ ಬಾವುಟ ಮಾಡಿಕೊಂಡರು. ಹೋಟೆಲು, ಬಾರುಗಳವರು ಬಾಡಿಗೆಯ ಹಾಸುಕುರ್ಚಿ, ಕೊಡೆಗಳನ್ನು ಸಾಲುಸಾಲಾಗಿ ಹೂಡಿ, ಊರಿನವರಿಗೆ ತಮ್ಮದೇ ಮರಳಿನ ಮೇಲೆ ಟವೆಲ್ ಹಾಸಲೂ ಜಾಗವಿಲ್ಲದಂತೆ ಮಾಡಿದ್ದರು. ‘ಟವೆಲ್ ಚಳವಳಿ’ ಎಂದೇ ಹೆಸರಾದ ಪ್ರತಿಭಟನೆ ಬೇರೆ ದ್ವೀಪಗಳಿಗೂ ಹಬ್ಬಿತು. 2024ರಲ್ಲಿ ಬಂದ ಕಾನೂನಿನಂತೆ ಹಾಸುಕುರ್ಚಿಗಳು ನೀರಿನಂಚಿನಿಂದ ನಾಲ್ಕು ಮೀಟರ್ ದೂರವಿರಬೇಕು. ಬಾಡಿಗೆಗೆ ಕೊಟ್ಟ ದಂಡೆಯಲ್ಲಿ ಅರ್ಧದಷ್ಟಾದರೂ ಸಾರ್ವಜನಿಕರಿಗೆ ಬಿಟ್ಟಿರಬೇಕು. ಸಂರಕ್ಷಿತ ದಂಡೆಗಳಲ್ಲಿ ಬಿಡಬೇಕಾದ ಪಾಲು ಇನ್ನೂ ಹೆಚ್ಚು. ದೂರು ಕೊಡಲು ಸರ್ಕಾರದ್ದೇ ಆ್ಯಪ್ ಇದೆ. ಸ್ವಂತ ಟವೆಲ್ ಹಾಸಿ ಪುಕ್ಕಟೆ ಕೂರುವ ಕುಟುಂಬ ಅಲ್ಲಿ ಈಗ ಹಕ್ಕಿನಿಂದ ಕೂತಿರುತ್ತದೆ.

ಸಾಂಟೊರಿನಿಯಲ್ಲಿ ಕೂರುವುದು ದುಬಾರಿ. ಹಳೆಯ ಬಂದರಿನಿಂದ ಫಿರಾ ಊರಿಗೆ ಹತ್ತಲು ಆರುನೂರರ ಹತ್ತಿರ ಮೆಟ್ಟಿಲು. ನಡೆಯಲಾರದವರಿಗೆ ಕೇಬಲ್ ಕಾರು. ಅದು ಬೇಡವೆಂದರೆ ಕತ್ತೆಯ ಬೆನ್ನು. ಕತ್ತೆಗಳ ಪಾಡು ಸುದ್ದಿಯಾದ ಮೇಲೆ 2018ರಲ್ಲಿ ಅಲ್ಲಿನ ಸರ್ಕಾರ ನಿಯಮ ತಂದಿತು: 100 ಕಿಲೋಗಿಂತ, ಅಥವಾ ಪ್ರಾಣಿಯ ತೂಕದ ಐದನೇ ಒಂದು ಪಾಲಿಗಿಂತ ಹೆಚ್ಚು ಭಾರ ಹೇರುವಂತಿಲ್ಲ. ಕತ್ತೆಯ ತೂಕವನ್ನು ಐದರಿಂದ ಭಾಗಿಸಿ ನೋಡಿದರೆ ಕುಟುಂಬದಲ್ಲಿ ಆ ಸವಾರಿಗೆ ಅರ್ಹತೆ ಬಹುಶಃ ಮಗುವಿಗೊಂದೇ. ಇನ್ನು ದ್ವೀಪದ ತುದಿಯ ಇಯಾದಲ್ಲಿ ಸೂರ್ಯಾಸ್ತ ನೋಡಲು ಮುರಿದ ಕೋಟೆಯ ಗೋಡೆಗಳ ಮೇಲೆ ಜನ ಗಂಟೆಗಟ್ಟಲೆ ಮೊದಲೇ ಕೂತು ಕಾಯುತ್ತಾರೆ. ಅದೇ ಸೂರ್ಯ ನಾಕ್ಸೊಸ್‌ನ ದಂಡೆಯಲ್ಲೂ ಮುಳುಗುತ್ತಾನೆ, ನೂಕುನುಗ್ಗಲಿಲ್ಲದೆ.

ಕೂರಲು ಏನೂ ಇಲ್ಲದ ದ್ವೀಪವೂ ಒಂದಿದೆ. ಮಿಕೊನೊಸ್‌ನಿಂದ ದೋಣಿಯಲ್ಲಿ ಅರ್ಧ ಗಂಟೆ ದೂರದ ಡೆಲೊಸ್, ಅಪೊಲೊ ಹುಟ್ಟಿದ ನೆಲವೆಂದು ನಂಬಿಕೆ. ಕ್ರಿ.ಪೂ. 426ರಲ್ಲಿ ಅಥೆನ್ಸಿನವರು ಅದನ್ನು ಮಡಿ ಮಾಡಿ, ಅಲ್ಲಿ ಯಾರೂ ಹುಟ್ಟಬಾರದು, ಯಾರೂ ಸಾಯಬಾರದು ಎಂದು ಕಟ್ಟಳೆ ವಿಧಿಸಿದರು. ಹಳೆಯ ಗೋರಿಗಳನ್ನೂ ಅಗೆದು ಸಾಗಿಸಿದರು. ಪ್ರವಾಸಿಗರು ಇವತ್ತಿಗೂ ಅಲ್ಲಿ ರಾತ್ರಿ ತಂಗುವಂತಿಲ್ಲ. ನೆರಳೂ ಇಲ್ಲ. ಕ್ರೀಟ್ ದ್ವೀಪದ ಕ್ನೊಸೊಸ್ ಇದಕ್ಕೆ ತದ್ವಿರುದ್ಧ: 1900ರಲ್ಲಿ ಆರ್ಥರ್ ಇವಾನ್ಸ್ ಅಗೆದಾಗ ಗೋಡೆಗೊರಗಿದ ಕಲ್ಲಿನ ಸಿಂಹಾಸನವೊಂದು ಇದ್ದಲ್ಲೇ ಸಿಕ್ಕಿತು, ಎರಡೂ ಪಕ್ಕ ಉದ್ದ ಜಗಲಿಗಳ ಸಮೇತ. ಯುರೋಪಿನ ಅತಿ ಹಳೆಯ ಸಿಂಹಾಸನವೆಂಬ ಖ್ಯಾತಿ ಅದರದು. ಅಲ್ಲಿ ಕೂರುತ್ತಿದ್ದವರು ರಾಜರೋ ಪೂಜಾರಿಣಿಯರೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ದ್ವೀಪ ಬಿಟ್ಟು ನಗರಗಳಿಗೆ ಬಂದರೆ ಕೂರುವುದಕ್ಕೆ ದರಪಟ್ಟಿ ಶುರು. ರೋಮಿನ ಸ್ಪ್ಯಾನಿಷ್ ಮೆಟ್ಟಿಲುಗಳ ಮೇಲೆ 1953ರ ‘ರೋಮನ್ ಹಾಲಿಡೇ’ ಸಿನಿಮಾದಲ್ಲಿ ಆಡ್ರೆ ಹೆಪ್‌ಬರ್ನ್ ಐಸ್‌ಕ್ರೀಮ್ ತಿಂದದ್ದು ಲೋಕಪ್ರಸಿದ್ಧ. 2019ರಿಂದ ಅಲ್ಲಿ ಕೂತರೆ ದಂಡ; ತಿಂದು ಕಲ್ಲಿಗೆ ಕಲೆ ಮಾಡಿದರೆ 400 ಯೂರೊವರೆಗೂ ಹೋಗಬಹುದು. ಕಾಫಿಗೂ ಎರಡು ಬೆಲೆ: ಕಟ್ಟೆಗೊರಗಿ ನಿಂತು ಕುಡಿದರೆ ಒಂದು, ಮೇಜಿಗೆ ತರಿಸಿದರೆ ಇನ್ನೊಂದು. ಇಟಲಿಯವರೇ ನಿಂತು ಎರಡು ಗುಟುಕಿನಲ್ಲಿ ಮುಗಿಸಿ ಹೋಗುತ್ತಾರೆ. ನೀರಿನ ವಿಷಯದಲ್ಲಿ ಮಾತ್ರ ರೋಮ್ ಧಾರಾಳಿ. 1870ರ ದಶಕದಿಂದ ಬೀದಿಬೀದಿಯಲ್ಲಿ ನಿಂತಿರುವ ಎರಕದ ಕಬ್ಬಿಣದ ನಲ್ಲಿಗಳು ಎರಡು ಸಾವಿರಕ್ಕೂ ಹೆಚ್ಚು, ಹಗಲೂ ರಾತ್ರಿ ಕುಡಿಯುವ ನೀರು. ನಳಿಕೆಯ ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಇದು ಗೊತ್ತಾದ ಮೇಲೆ ಮಗು ಯಾವ ನಲ್ಲಿಯನ್ನೂ ಬಿಡುವುದಿಲ್ಲ.

ವೆನಿಸ್ಸಿನ ಲೆಕ್ಕ ಇನ್ನೂ ಸ್ಪಷ್ಟ. ಗೊಂಡೋಲಾದಲ್ಲಿ ಕೂತು ಅರ್ಧ ಗಂಟೆ ಸುತ್ತಲು ಹಗಲಿನ ಅಧಿಕೃತ ದರ 90 ಯೂರೊ, ದೋಣಿಗೆ ಐದು ಜನರವರೆಗೆ. ಅಂಥದೇ ದೋಣಿ ತ್ರಗೆತ್ತೊ ಎಂಬ ಹೆಸರಿನಲ್ಲಿ ದೊಡ್ಡ ಕಾಲುವೆಯನ್ನು ಅಡ್ಡ ದಾಟಿಸಲು ತೆಗೆದುಕೊಳ್ಳುವುದು ತಲೆಗೆ ಎರಡು ಯೂರೊ, ಅದರಲ್ಲಿ ಊರಿನವರು ನಿಂತೇ ದಾಟುತ್ತಾರೆ. ಸಂತ ಮಾರ್ಕನ ಚೌಕದಲ್ಲಿ ನೆಲದ ಮೇಲೆ ಕೂತು ಬುತ್ತಿ ಬಿಚ್ಚಿದರೆ ದಂಡ. ಅಲ್ಲೇ 1720ರಿಂದ ಇರುವ ಫ್ಲೋರಿಯನ್ ಕಾಫಿಮನೆಯಲ್ಲಿ ಕೂತರೆ ವಾದ್ಯದವರು ನುಡಿಸಿದ್ದಕ್ಕೂ ಬಿಲ್ಲಿನಲ್ಲಿ ಒಂದು ಸಾಲು. ಅಜ್ಜಿಗೆ ಒಪ್ಪುವುದು ಒಂದನೇ ನಂಬರಿನ ವಪೊರೆತ್ತೊ, ಅಂದರೆ ನೀರಿನ ಬಸ್ಸು. ಹಿಂಬದಿಯ ಸೀಟು ಸಿಕ್ಕರೆ ಕಾಲುವೆಯ ಎರಡೂ ಬದಿಯ ಅರಮನೆಗಳನ್ನು ಕೂತಲ್ಲೇ ನೋಡಿ ಮುಗಿಸಬಹುದು.

ವಿಯೆನ್ನಾ ಕೂರುವುದನ್ನು ಸಂಸ್ಕೃತಿಯೆಂದೇ ದಾಖಲಿಸಿದೆ. ಅಲ್ಲಿನ ಕಾಫಿಮನೆಯ ರೂಢಿ 2011ರಲ್ಲಿ ಆಸ್ಟ್ರಿಯಾದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿತು. ಕಾಫಿಯ ಜೊತೆ ಬೆಳ್ಳಿಯ ತಟ್ಟೆಯಲ್ಲಿ ಒಂದು ಲೋಟ ನೀರು, ಓದಲು ಮರದ ಹಿಡಿಗೆ ಸಿಕ್ಕಿಸಿದ ಪತ್ರಿಕೆ. ನೀರು 1873ರಿಂದ ಆಲ್ಪ್ಸ್ ಪರ್ವತದ ಬುಗ್ಗೆಗಳಿಂದ ಬರುತ್ತಿದೆ. ರಷ್ಯಾದ ಕ್ರಾಂತಿಕಾರಿ ಟ್ರಾಟ್‌ಸ್ಕಿ ಚದುರಂಗ ಆಡುತ್ತ ಕೂರುತ್ತಿದ್ದ ಕೆಫೆ ಸೆಂಟ್ರಲ್ ಎದುರು ಈಗ ಉದ್ದ ಸಾಲು, ಒಳಗೆ ಕೂರಲು ಹೊರಗೆ ನಿಲ್ಲಬೇಕು. ಪ್ಯಾರಿಸ್ಸಿನ ಲಕ್ಸಂಬರ್ಗ್ ಉದ್ಯಾನದಲ್ಲಿ ಆ ಕಷ್ಟವಿಲ್ಲ. ಹಸಿರು ಬಣ್ಣದ ಲೋಹದ ಕುರ್ಚಿಗಳನ್ನು ಬೇಕೆಂದಲ್ಲಿಗೆ ಎಳೆದುಕೊಂಡು ಕೂರಬಹುದು. 1970ರ ದಶಕದವರೆಗೆ ಅವಕ್ಕೂ ಬಾಡಿಗೆ ಇತ್ತು, ವಸೂಲಿಗೆ ಹೆಂಗಸರು ತಿರುಗುತ್ತಿದ್ದರು. ಈಗ ಪುಕ್ಕಟೆ.

ನಗರದಿಂದ ನಗರಕ್ಕೆ ರೈಲು ಹಿಡಿಯುವವರು ಒಂದು ಮಾತು ನೆನಪಿಡಬೇಕು. ಜರ್ಮನಿ, ಆಸ್ಟ್ರಿಯಾಗಳಲ್ಲಿ ಟಿಕೆಟ್ ಇದ್ದ ಮಾತ್ರಕ್ಕೆ ಸೀಟು ಇರುವುದಿಲ್ಲ. ಅದನ್ನು ಬೇರೆಯಾಗಿ ಕಾದಿರಿಸಬೇಕು. ಇಟಲಿ, ಫ್ರಾನ್ಸಿನ ವೇಗದ ರೈಲುಗಳಲ್ಲಿ ಹಲವು ದೇಶಗಳ ರೈಲುಗಳಿಗೆ ನಡೆಯುವ ಯುರೈಲ್ ಪಾಸ್ ಇದ್ದರೂ ಸೀಟಿಗೆ ಪ್ರತ್ಯೇಕ ಹಣ ಕಟ್ಟಲೇಬೇಕು. ಹನ್ನೆರಡು ತುಂಬದ ಮಕ್ಕಳಿಗೆ ದೊಡ್ಡವರ ಜೊತೆ ಪಾಸ್ ಉಚಿತ, ಸೀಟಿನ ಕಾದಿರಿಸುವಿಕೆ ಉಚಿತವಲ್ಲ.

ಆದ್ದರಿಂದ ಮುಂದಿನ ರಜೆಗೆ ಪಟ್ಟಿ ಬರೆಯುವವರಲ್ಲಿ ಒಂದು ವಿನಂತಿ. ನೋಡುವ ಪ್ರತಿ ಜಾಗದ ಎದುರು ಕೂರುವ ಒಂದು ಜಾಗವನ್ನೂ ಬರೆಯಿರಿ. ಸಿಗದಿದ್ದರೆ ಆ ದಿನದಿಂದ ಒಂದು ಜಾಗ ಕಳೆಯಿರಿ. ದ್ವೀಪಗಳನ್ನು ಎರಡಕ್ಕೆ ಇಳಿಸಿ. ರಜೆ ಹೊಂದುವುದಾದರೆ ಮೇ ಅಥವಾ ಸೆಪ್ಟೆಂಬರ್ ಆರಿಸಿಕೊಳ್ಳಿ, ಬಿಸಿಲೂ ಜನರೂ ಕಡಿಮೆ. ಗಾಳಿಗೆ ಹಡಗು ತಡವಾದರೂ ವಿಮಾನ ತಪ್ಪದಂತೆ, ದ್ವೀಪದಿಂದ ಬರುವ ಹಡಗಿಗೂ ಮುಂದಿನ ವಿಮಾನಕ್ಕೂ ನಡುವೆ ಅಥೆನ್ಸಿನಲ್ಲಿ ಒಂದು ರಾತ್ರಿಯನ್ನು ಖಾಲಿ ಬಿಡಿ.