ಗಾಡಿಯ ಹೊಟ್ಟೆಯೊಳಗಿನ ಸಪ್ಪಳ

ನಮ್ಮ ಗಾಡಿ ಮಾತಾಡಲು ಶುರು ಮಾಡಿದ್ದು ಹೋದ ವರ್ಷದ ಮುಂಗಾರಿನಲ್ಲಿ. ಕಾಲಡಿಯಿಂದ 'ಕಟ್, ಕಟ್, ಕಟಾರ್' ಎಂಬ ಸಪ್ಪಳ. ಕೇಳಿಸಿಯೂ ಕೇಳಿಸದವಳಂತೆ ನಾನು ಎರಡು ತಿಂಗಳು ಓಡಿಸಿದೆ.

ಗಾಡಿಯೆಂದರೆ ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಫೋರ್ ವೀಲ್ ಡ್ರೈವ್. ಯಾರೋ ಹತ್ತು ವರ್ಷ ಓಡಿಸಿ ಮಾರಿದ್ದು. ಸಿಂಧನೂರಿನವರಿಗೆ ಈ ಶೋಕಿ ಏಕೆ ಎನ್ನುವವರು ಮಳೆ ಬಿದ್ದ ಮರುದಿನ ನಮ್ಮ ಎರೆಭೂಮಿಯಲ್ಲಿ ಹತ್ತು ಹೆಜ್ಜೆ ನಡೆದು ನೋಡಬೇಕು. ಐದನೆಯ ಹೆಜ್ಜೆಗೇ ಚಪ್ಪಲಿ ಮಣ್ಣಿನ ಪಾಲು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದು ಈ ಸೀಮೆಯಲ್ಲಿ ಭತ್ತ ಬೆಳೆಯಿತು, ಆದರೆ ಹೊಲದ ದಾರಿಗಳು ಮಾತ್ರ ಹಾಗೆಯೇ ಉಳಿದವು. ಮಸ್ಕಿ ಕಡೆಗಿರುವ ನಮ್ಮ ಹೊಲದ ಮನೆಯಲ್ಲಿ ಅತ್ತೆಯವರು ಇರುತ್ತಾರೆ. ಊರಿಗೆ ಬನ್ನಿರೆಂದರೆ, "ಎಮ್ಮಿ ಯಾರ್ ನೋಡ್ತಾರ?" ಎನ್ನುತ್ತಾರೆ. ಅವರಿಗಾಗಿಯೇ ಈ ಗಾಡಿ.

ಸಪ್ಪಳದ ಮಾತೆತ್ತಿದಾಗ ನಮ್ಮವರು, "ಹಳೇ ಗಾಡಿ, ಸಪ್ಪಳ ಮಾಡದೆ ಹಾಡ್ತದೇನು?" ಎಂದು ನಕ್ಕರು. ಸಿಂಧನೂರಿನ ಮೆಕ್ಯಾನಿಕ್ ಒಬ್ಬರು ಒಂದು ಸುತ್ತು ಓಡಿಸಿ, "ಗೇರ್‌ಬಾಕ್ಸ್ ಇಳಿಸಬೇಕ್ರಿ" ಎಂದು ದೊಡ್ಡ ಮೊತ್ತ ಹೇಳಿದರು. ಅಷ್ಟು ಹಣವಿರಲಿಲ್ಲ. ಗಾಡಿಯ ವಿಷಯದಲ್ಲಿ ಹೆಂಗಸಿನ ಮಾತು ಎಷ್ಟರದು ಎಂದು ನಾನೂ ಸುಮ್ಮನಾದೆ. 'ಸಂಶಯ ಬಂದರೆ ಕೈ ಎತ್ತಿ ಕೇಳಿ' ಎಂದು ಮಕ್ಕಳಿಗೆ ಮೂವತ್ತು ವರ್ಷ ಹೇಳಿದವಳು ನಾನು!

ಶ್ರಾವಣದ ಒಂದು ರಾತ್ರಿ ಅತ್ತೆಯವರಿಗೆ ಉಸಿರು ಕಟ್ಟಿದಂತಾಗಿದೆ ಎಂದು ಫೋನು ಬಂತು. ಓಡಿದೆವು. ಅವರನ್ನು ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಬರುವಾಗ ಹಳ್ಳದ ಏರಿನಲ್ಲಿ ಗಾಡಿ ನಿಂತುಬಿಟ್ಟಿತು. ಎಂಜಿನ್ ಗರ್ಜಿಸಿತು, ಹಿಂದಿನ ಗಾಲಿ ತಿರುಗಿ ಕೆಸರು ಚಿಮ್ಮಿತು, ಮುಂದಿನ ಗಾಲಿ ಅಲ್ಲಾಡಲಿಲ್ಲ. ಕಾಲಡಿಯಲ್ಲಿ ಆ ಸಪ್ಪಳ, ಈಗ ಸುತ್ತಿಗೆ ಬಡಿದಂತೆ. ಪಕ್ಕದ ಹೊಲದವರು ಟ್ರ್ಯಾಕ್ಟರ್ ತಂದು ಎಳೆಯುವವರೆಗಿನ ಮುಕ್ಕಾಲು ಗಂಟೆ, ಅತ್ತೆಯವರ ಎದೆಯ ಸುಂಯ್ ಸುಂಯ್ ಕೇಳುತ್ತ ಕುಳಿತದ್ದನ್ನು ನಾನು ಮರೆಯಲಾರೆ. ಪುಣ್ಯಕ್ಕೆ ಆಸ್ಪತ್ರೆಯಲ್ಲಿ ಚೇತರಿಸಿಕೊಂಡರು.

ಮರುದಿನವೇ ನೋಟ್‌ಬುಕ್ ತೆಗೆದು, ಸಪ್ಪಳ ಯಾವಾಗ ಬರುತ್ತದೆ, ಯಾವಾಗ ಬರುವುದಿಲ್ಲ ಎಂದು ಬರೆಯತೊಡಗಿದೆ. ಎರಡು ಗಾಲಿಯ ಬಲದಲ್ಲಿ ಹೋದರೆ ಇಲ್ಲವೇ ಇಲ್ಲ. ನಾಲ್ಕಕ್ಕೆ ಹಾಕಿ ಸಮ ನೆಲದಲ್ಲಿ ಮೆಲ್ಲಗೆ ಹೋದರೆ ಅಷ್ಟಕ್ಕಷ್ಟೆ. ನಾಲ್ಕಕ್ಕೆ ಹಾಕಿ ಏರು ಹತ್ತಿಸಿದರೆ ಜೋರು. ಗೇರ್‌ಬಾಕ್ಸಿನದೇ ದೋಷವಾದರೆ ಎರಡು ಗಾಲಿಯಲ್ಲಿ ಓಡುವಾಗಲೂ ಬರಬೇಕಲ್ಲ?

ಉತ್ತರ ಸಿಕ್ಕಿದ್ದು ಶಾಲೆಯ ಅಂಗಳದಲ್ಲಿ. ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ 2006-07ರಿಂದ ಸೈಕಲ್ ಕೊಡಲು ಶುರು ಮಾಡಿತ್ತಲ್ಲ, ಅಕ್ಕನಿಗೆ ಬಂದ ಅಂಥದೊಂದು ಹಳೆಯ ಸೈಕಲ್ಲನ್ನು ತಂಗಿ ತುಳಿಯುತ್ತಿದ್ದಳು. ಒಬ್ಬಳೇ ಇದ್ದಾಗ ಸರಿ. ಗೆಳತಿ ಹಿಂದೆ ಕೂತಳೋ, 'ಕಟಾರ್' ಎಂದು ಚೈನ್ ಹಲ್ಲು ಜಾರುತ್ತಿತ್ತು. ನನ್ನ ಕಿವಿಗೆ ಅದು ನಮ್ಮ ಗಾಡಿಯದೇ ದನಿ.

ಮನೆಯಲ್ಲಿ ಹೇಳಿದರೆ ನಮ್ಮವರು ಒಪ್ಪಲಿಲ್ಲ. "ಗಾಡಿಯೊಳಗ ಚೈನ್ ಎಲ್ಲೈತಿ?" ಅವರ ಮಾತೂ ಪೂರಾ ಸುಳ್ಳಲ್ಲ. ಅವರು ಪಳಗಿದ್ದು ಹಳೆಯ ಮಹೀಂದ್ರ ಜೀಪಿನಲ್ಲಿ. ಎಂಜಿನ್ನಿನ ಬಲವನ್ನು ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಹಂಚುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಆ ಜೀಪುಗಳಲ್ಲಿ ಅದರೊಳಗೆ ಹಲ್ಲಿನ ಗೇರುಗಳೇ ಇದ್ದವು. ನಂತರ ಬಂದ ಅನೇಕ ಗಾಡಿಗಳಲ್ಲಿ ಮುಂದಿನ ಗಾಲಿಗಳಿಗೆ ಬಲ ಒಯ್ಯುವುದು ಅಗಲವಾದ ಉಕ್ಕಿನ ಚೈನು.

ಲಿಂಗಸುಗೂರಿನಲ್ಲಿ ಇಂಥ ಗಾಡಿಗಳನ್ನು ಬಲ್ಲ ಮಿಸ್ತ್ರಿಯೊಬ್ಬರಿದ್ದಾರೆಂದು ತಿಳಿದು ಭಾನುವಾರ ಹೊರಟೆವು. ಎರಡು ಗಾಲಿಯ ಬಲದಲ್ಲಿಯೇ, ಮಸ್ಕಿ ದಾಟಿ. ಮಿಸ್ತ್ರಿ ನನ್ನ ನೋಟ್‌ಬುಕ್ ಓದಿ, "ಅಕ್ಕೋರೆ, ಅರ್ಧ ಕೆಲಸ ನೀವೇ ಮಾಡೀರಿ" ಎಂದರು. ಆದರೂ ನೇರ ಚೈನಿಗೆ ಕೈ ಹಾಕಲಿಲ್ಲ. ಮುಂದಿನ ಆಕ್ಸಲ್, ಹಬ್ಬು, ಶಾಫ್ಟಿನ ಜಾಯಿಂಟು ನೋಡಿದರು. ಅವು ಸವೆದರೂ ಇಂಥದೇ ಸಪ್ಪಳ ಬರಬಹುದಂತೆ. ಆಮೇಲೆ ಗಾಡಿಗೆ ಆಸರೆ ಕೊಟ್ಟು, ನಾಲ್ಕು ಗಾಲಿಗೆ ಹಾಕಿ, ಮುಂದಿನ ಶಾಫ್ಟನ್ನು ಕೈಯಿಂದ ಹಿಂದೆ ಮುಂದೆ ತಿರುಗಿಸಿದರು. ಬಹಳ ಹೊತ್ತು ಸಡಿಲ, ಆಮೇಲೆ ಒಳಗೆ 'ಠಕ್'.

ಪೆಟ್ಟಿಗೆಯ ಎಣ್ಣೆ ಇಳಿಸಿದರೆ ಬೆಳ್ಳಿಯ ಪುಡಿ ಕಲಸಿದಂತಿತ್ತು. ಅಯಸ್ಕಾಂತ ಹಿಡಿದಾಗ ಕೆಲವು ಚೂರು ಅಂಟಿದವು, ಕೆಲವು ಅಂಟಲಿಲ್ಲ. ಅಂಟಿದ್ದು ಉಕ್ಕು, ಅಂಟದ್ದು ಪೆಟ್ಟಿಗೆಯ ಅಲ್ಯುಮಿನಿಯಂ. ಜೋತುಬಿದ್ದ ಚೈನು ಒಳಗೋಡೆಯನ್ನು ಕೆರೆಯುತ್ತಿತ್ತು.

ಬಿಚ್ಚಿದ ಹಳೆಯ ಚೈನನ್ನೂ ಹೊಸದನ್ನೂ ಮೊಳೆಗೆ ತೂಗುಹಾಕಿದರು. ಹಳೆಯದು ಅರ್ಧ ಬೆರಳಗಲ ಕೆಳಗಿತ್ತು. ಉಕ್ಕು ಹಿಗ್ಗಿದ್ದಲ್ಲ. ಒಂದೊಂದು ಕೊಂಡಿಯ ಪಿನ್ನೂ ಕೂದಲೆಳೆಯಷ್ಟು ಸವೆದು, ಎಲ್ಲವೂ ಕೂಡಿ ಅಷ್ಟು ಉದ್ದವಾಗಿತ್ತು. "ಚೈನ್ ಒಂದೇ ಹಾಕಿದ್ರ ಸಾಲದೇನು?" ಎಂದರು ನಮ್ಮವರು. ಮಿಸ್ತ್ರಿ ಸವೆದು ಮೊನಚಾದ ಹಲ್ಲುಚಕ್ರ ತೋರಿಸಿ, "ಹಳೇ ಹಲ್ಲು ಹೊಸ ಚೈನನ್ನ ತಿಂತಾವ್ರಿ" ಎಂದು ಎರಡೂ ಚಕ್ರ ಬದಲಿಸಿದರು. ಪೆಟ್ಟಿಗೆ ತೊಳೆದು, ಒಳಗಿನ ಜಾಲರಿ ಶುಚಿ ಮಾಡಿ, ಅಂಚಿಗೆ ಹೊಸ ಪೇಸ್ಟು ಹಚ್ಚಿ, ಆ ಗಾಡಿಗೆ ಹೇಳಿದ ಎಣ್ಣೆಯನ್ನೇ ಅಳತೆಯ ತೂತಿನವರೆಗೆ ತುಂಬಿದರು. ಗೇರ್‌ಬಾಕ್ಸಿಗೆ ಹೇಳಿದ ಮೊತ್ತದ ಅರ್ಧವೂ ಖರ್ಚಾಗಲಿಲ್ಲ.

ಕೊನೆಗೆ ಮಿಸ್ತ್ರಿ ಕೇಳಿದರು: "ಡಾಂಬರ್ ರಸ್ತೆದಾಗೂ ನಾಲ್ಕು ಗಾಲಿಗೇ ಹಾಕಿ ಓಡಸ್ತಿದ್ರೇನು?" ಓಡಿಸುತ್ತಿದ್ದವಳು ನಾನೇ. ಹೊಲದಿಂದ ಬಂದು ಕಡ್ಡಿ ತೆಗೆಯುವುದು ಮರೆಯುತ್ತಿದ್ದೆ. ನಾಲ್ಕಿದ್ದರೆ ಭದ್ರ ಎಂದೂ ನಂಬಿದ್ದೆ. ತಿರುವಿನಲ್ಲಿ ಮುಂದಿನ ಗಾಲಿ ಹಿಂದಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಕೆಸರಿನಲ್ಲಾದರೆ ಗಾಲಿ ಜಾರಿ ಸರಿಹೋಗುತ್ತದೆ. ಒಣ ಡಾಂಬರಿನಲ್ಲಿ ಜಾರಲಾಗದು, ಆ ಬಿಗಿತವೆಲ್ಲ ಚೈನಿನ ಮೇಲೆ ಬೀಳುತ್ತದೆ. ನಾಲ್ಕು ಟಯರಿನ ಅಳತೆ ಬೇರೆ ಬೇರೆಯಿದ್ದರೂ ಅಷ್ಟೆ.

ಮರಳುವಾಗ ಮಸ್ಕಿಯ ಗುಡ್ಡ ಕಂಡಿತು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಇಲ್ಲಿ ಗುರುತಿಸಿದ ಬಂಡೆಶಾಸನದಲ್ಲಿ ಅಶೋಕನ ಹೆಸರೇ ಸಿಕ್ಕಿತು ಎಂದು ಪ್ರತಿವರ್ಷ ಪಾಠ ಮಾಡುತ್ತೇನೆ. ಚಿನ್ನದ ಕೆಲಸದವನಿಗೆ ಚಕ್ರವರ್ತಿ ಸಿಕ್ಕ. ಗೇರ್‌ಬಾಕ್ಸಿನ ತಪ್ಪು ಹುಡುಕ ಹೊರಟ ನನಗೆ ನನ್ನದೇ ತಪ್ಪು ಸಿಕ್ಕಿತು.

ಮುಂದಿನ ಮಳೆಗೆ ಅತ್ತೆಯವರನ್ನು ಕರೆತರುವಾಗ ಗಾಡಿ ಹಳ್ಳದ ಏರನ್ನು ಸದ್ದಿಲ್ಲದೆ ಹತ್ತಿತು. ಡಾಂಬರು ಸಿಕ್ಕೊಡನೆ ಕಡ್ಡಿ ಎರಡಕ್ಕೆ ತಂದೆ. ಹಿಂದಿನಿಂದ ಅತ್ತೆಯವರು, "ಆ ಸಪ್ಪಳ ಹೋತಲ್ಲ!" ಎಂದರು.

"ನಿಮಗೂ ಕೇಳಿಸ್ತಿತ್ತೇನ್ರಿ?"

"ಮೊದಲಿಂದನೂ ಕೇಳಸ್ತಿತ್ತವ್ವಾ. ಗಾಡಿ ಓಡಸಾಕಿ ನೀನು, ನಿನಗ ಗೊತ್ತಿರತದ ಅಂತ ಸುಮ್ಮನಿದ್ದೆ."